ಕಂಪ್ಯೂಟರ್ ಪ್ರಶ್ನೋತ್ತರ: ದೀಪ ಹತ್ತಿದರೂ ಬಾರದ ಇಂಟರ್‌ನೆಟ್

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ಊರಿನ ಕೇಬಲ್‌ನವರು ಮನೆಯೊಳಕ್ಕೆ ಎಳೆದುಕೊಟ್ಟಿರುವ ಲ್ಯಾನ್ ವೈರನ್ನು ಅಣ್ಣನ ವಿಂಡೋಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಇಂಟರ್‌ನೆಟ್ ಕೂಡಲೇ ಬರುತ್ತದೆ. ನನ್ನದಕ್ಕೆ ಸಿಕ್ಕಿಸಿದರೆ ಪೋರ್ಟಿನ ದೀಪ ಹತ್ತುತ್ತದೆ, ನೆಟ್‌ವರ್ಕ್ ಚಿಹ್ನೆ ಮುಕ್ಕಾಲು ನಿಮಿಷ ತಿರುಗಿ ಸಂಪರ್ಕ ಕಡಿದುಹೋಗುತ್ತದೆ. ಲಿನಕ್ಸಿಗೆ ಡ್ರೈವರ್ ಇಲ್ಲವೆಂದು ಅಂಗಡಿಯವರು ಹೇಳುತ್ತಾರೆ. ವಿಂಡೋಸಿಗೆ ಮರಳಬೇಕೆ?
— ಓದುಗರೊಬ್ಬರು, ಸಾಗರ

ಉತ್ತರ: ಮರಳಬೇಕಾಗಿಲ್ಲ. ದೀಪ ಹತ್ತಿದ್ದಷ್ಟೇ ಆಗಿದ್ದರೆ ಡ್ರೈವರಿನ (ಯಂತ್ರದ ಭಾಗವನ್ನು ನಡೆಸುವ ತಂತ್ರಾಂಶದ) ಬಗ್ಗೆ ಅನುಮಾನ ಉಳಿಯುತ್ತಿತ್ತು, ಏಕೆಂದರೆ ಕೆಲವು ನೆಟ್‌ವರ್ಕ್ ಕಾರ್ಡುಗಳ ದೀಪ ಡ್ರೈವರ್ ಇಲ್ಲದೆಯೂ ಹತ್ತುತ್ತದೆ. ಆದರೆ ಚಿಹ್ನೆ ತಿರುಗುತ್ತಿದೆಯೆಂದರೆ ಲಿನಕ್ಸ್ ನಿಮ್ಮ ಕಾರ್ಡನ್ನು ಗುರುತಿಸಿ, ವೈರು ಜೀವಂತವಾಗಿದೆಯೆಂದು ತಿಳಿದು, ಐಪಿ ವಿಳಾಸಕ್ಕಾಗಿ (ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪನ್ನು ಗುರುತಿಸುವ ಸಂಖ್ಯೆಗಾಗಿ) ಆಚೆಯವರನ್ನು ಕೇಳುತ್ತಿದೆ ಎಂದೇ ಅರ್ಥ. ಆ ಮುಕ್ಕಾಲು ನಿಮಿಷವೂ ಆಕಸ್ಮಿಕವಲ್ಲ. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನ ಉತ್ತರಕ್ಕಾಗಿ ಲಿನಕ್ಸಿನ ನೆಟ್‌ವರ್ಕ್ ಮ್ಯಾನೇಜರ್ ತಂತ್ರಾಂಶ ಸಾಮಾನ್ಯವಾಗಿ 45 ಸೆಕೆಂಡು ಕಾದು, ಬಳಿಕ ಕೈಬಿಡುತ್ತದೆ.

ಚಿಹ್ನೆ ತಿರುಗುತ್ತಿರುವಾಗಲೇ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ‘ಐಪಿ ಎ’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಟ್ಟು ಟೈಪ್ ಮಾಡಿರಿ. ‘ಇಎನ್’ ಎಂದು ಆರಂಭವಾಗುವ ಹೆಸರಿನ ಕೆಳಗೆ ‘ಐನೆಟ್’ ಎಂಬ ಸಾಲು ಇಲ್ಲದೆ, ‘ಐನೆಟ್6’ ಎಂಬ ಸಾಲಿನಲ್ಲಿ ‘ಎಫ್‌ಇ80’ ಎಂದು ಮೊದಲಾಗುವ ವಿಳಾಸ ಮಾತ್ರ ಕಂಡರೆ, ಆಚೆಯವರು ವಿಳಾಸ ಕೊಡುತ್ತಿಲ್ಲವೆಂಬ ನನ್ನ ಊಹೆ ಸರಿ. ಆ ವಿಳಾಸವನ್ನು ನೋಡಿ ಮೋಸಹೋಗಬೇಡಿ. ಅದು ಲ್ಯಾಪ್‌ಟಾಪ್ ತನಗೆ ತಾನೇ ಕೊಟ್ಟುಕೊಂಡಿದ್ದು, ಹೊರಗಿನಿಂದ ಬಂದದ್ದಲ್ಲ.

ಅದೇ ವೈರು ಅಣ್ಣನ ಲ್ಯಾಪ್‌ಟಾಪಿಗೆ ಹೆಸರು, ಪಾಸ್‌ವರ್ಡ್ ಏನನ್ನೂ ಕೇಳದೆ ಇಂಟರ್‌ನೆಟ್ ಕೊಡುತ್ತಿದ್ದರೆ, ಕೇಬಲ್‌ನವರು ಸಂಪರ್ಕವನ್ನು ಆ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಗೆ) ಕಟ್ಟಿಹಾಕಿರುವ ಸಂಭವವೇ ಹೆಚ್ಚು. ಹಾಗಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಹಾಕಿದರೂ ಫಲ ಇಷ್ಟೇ. ಅವರಿಗೆ ಫೋನ್ ಮಾಡಿ ನಿಮ್ಮ ಮ್ಯಾಕ್ ವಿಳಾಸವನ್ನು ನೋಂದಾಯಿಸಲು ಹೇಳಿರಿ. ಇಲ್ಲಿ ಅನೇಕರು ಎಡವುತ್ತಾರೆ: ವೈಫೈಗೆ ಒಂದು, ಲ್ಯಾನ್ ಪೋರ್ಟಿಗೆ ಇನ್ನೊಂದು ಮ್ಯಾಕ್ ವಿಳಾಸವಿರುತ್ತದೆ. ‘ಡಬ್ಲ್ಯುಎಲ್’ ಎಂದು ಆರಂಭವಾಗುವುದು ವೈಫೈ. ನೀವು ಓದಿ ಹೇಳಬೇಕಾದದ್ದು ‘ಇಎನ್’ ಹೆಸರಿನ ಕೆಳಗೆ, ‘ಲಿಂಕ್/ಈಥರ್’ ಎಂಬ ಪದದ ಮುಂದಿರುವ ಆರು ಜೋಡಿ ಅಕ್ಷರ–ಅಂಕಿಗಳನ್ನು. ಮನೆಯಲ್ಲಿ ಇಬ್ಬರಿಗೂ ಇಂಟರ್‌ನೆಟ್ ಬೇಕಿದ್ದರೆ ಒಂದು ರೂಟರ್ ಕೊಂಡು ಅದರ ಮ್ಯಾಕ್ ವಿಳಾಸವನ್ನೇ ಬರೆಸುವುದು ಲೇಸು; ವೈರು ಕಿತ್ತು ಸಿಕ್ಕಿಸುವ ಕಾಟವೂ ತಪ್ಪುತ್ತದೆ.

ಪ್ರಶ್ನೆ: 200 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಯೋಜನೆಗೆ ಹಣ ಕಟ್ಟುತ್ತಿದ್ದೇನೆ. ಉಬುಂಟು ಲಿನಕ್ಸ್ ಇರುವ ಲ್ಯಾಪ್‌ಟಾಪಿಗೆ ವೈರಿನಲ್ಲಿ 94ಕ್ಕಿಂತ ಹೆಚ್ಚು ವೇಗ ಬರುತ್ತಿಲ್ಲ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಆ 94 ಎಂಬ ಅಂಕಿಯೇ ಕಾರಣವನ್ನು ಹೇಳುತ್ತಿದೆ. 100 ಎಂಬಿಪಿಎಸ್ ಲಿಂಕಿನಲ್ಲಿ ಡೇಟಾದ ಜೊತೆಗೆ ಹೋಗುವ ತಲೆಬರಹಗಳ (ವಿಳಾಸ ಮೊದಲಾದ ವಿವರಗಳ) ಭಾರ ಕಳೆದು ಉಳಿಯುವುದು ಸುಮಾರು ಅಷ್ಟೇ. ಟರ್ಮಿನಲ್ಲಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ಸುಡೊ ಈಥ್‌ಟೂಲ್’ ಎಂದು ಬರೆದು ಪೋರ್ಟಿನ (‘ಇಎನ್’ ಎಂದು ಆರಂಭವಾಗುವ) ಹೆಸರು ಸೇರಿಸಿದರೆ ‘ಸ್ಪೀಡ್’ ಎಂಬ ಸಾಲಿನಲ್ಲಿ 1000 ಇರಬೇಕಾದ ಕಡೆ 100 ಕಾಣಬಹುದು. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ವೇಗಕ್ಕೆ ಕೇಬಲಿನೊಳಗಿನ ಎಂಟೂ ತಂತಿಗಳು ಬೇಕು, 100ಕ್ಕೆ ನಾಲ್ಕೇ ಸಾಕು. ಆದ್ದರಿಂದ ಕ್ಲಿಪ್ಪಿನಲ್ಲಿ ಒಂದು ತಂತಿ ಸಡಿಲವಾದರೂ ಸಂಪರ್ಕ ಕಡಿಯದೆ, ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿಯಬಹುದು. ಮೊದಲು ಗಿಗಾಬಿಟ್‌ಗೆ ಒಗ್ಗುವ ಬೇರೊಂದು ಕ್ಯಾಟ್ 5ಇ ಕೇಬಲ್ ಹಾಕಿ ನೋಡಿರಿ. ಆಗಲೂ 100 ಎಂದೇ ತೋರಿಸಿದರೆ ರೂಟರಿನ ಲ್ಯಾನ್ ಪೋರ್ಟನ್ನು ಪರೀಕ್ಷಿಸಿರಿ. ಅಗ್ಗದ ರೂಟರುಗಳ ಪೋರ್ಟುಗಳು ಎಷ್ಟೋ ಸಲ 100ಕ್ಕೇ ಸೀಮಿತವಾಗಿರುತ್ತವೆ.