ಫ್ರೀ ಬಾಲ್ ಪುಕ್ಕಟೆ ಅಲ್ಲ

ನಮಸ್ಕಾರ,

ನಿಮ್ಮ ‘147ರ ಆಚೆ’ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸಿ. ಸ್ನೂಕರ್‌ನಲ್ಲಿ ಒಂದೇ ಸರದಿಯಲ್ಲಿ ಹೆಚ್ಚೆಂದರೆ ಎಷ್ಟು ಅಂಕ ಬರಬಹುದು, ಟೇಬಲ್ ಪೂರ್ತಿ ಖಾಲಿ ಮಾಡಿಯೂ ಕಡಿಮೆ ಎಂದರೆ ಎಷ್ಟು ಬರಬಹುದು ಎಂದು ತಲೆ ಕೆಡಿಸಿಕೊಂಡು ಕನ್ನಡದಲ್ಲಿ ಬರೆಯುವವರು ಕಡಿಮೆ. ಒಂದೊಂದೇ ರೆಡ್ (1 ಅಂಕ) ಹಾಕಿ, ಪ್ರತಿ ರೆಡ್ ಆದ ಮೇಲೂ ಬಣ್ಣಗಳಲ್ಲೇ ಅಗ್ಗದ ಯೆಲ್ಲೋನೇ (2 ಅಂಕ) ಹಾಕುತ್ತಾ ಹೋಗಿ, ಕೊನೆಗೆ ಆರೂ ಬಣ್ಣ ಹಾಕಿ 72ಕ್ಕೆ ಮುಗಿಸುವ ನಿಮ್ಮ ಆಟಗಾರನನ್ನು ಓದಿ ನಕ್ಕೆ. ಲೆಕ್ಕವೂ ಸರಿ ಇದೆ. ಒಳ್ಳೆಯ ಮಾತು ಇಷ್ಟು ಸಾಕು.

ಇನ್ನು ನನಗೆ ಸಿಟ್ಟು ತರಿಸಿದ ಸಾಲುಗಳಿಗೆ ಬರುತ್ತೇನೆ. ಊಟಿ ಕ್ಲಬ್ಬಿನ ಚರಿತ್ರೆ, ಕ್ಯೂ ಮಾಡುವ ಮರ, ಟೇಬಲ್ ಮೇಲಿನ ಬಟ್ಟೆ, ಇವನ್ನೆಲ್ಲ ಸದ್ಯಕ್ಕೆ ಬಿಡೋಣ.

ನಿಮ್ಮ ಎರಡನೆಯ ಪ್ಯಾರಾ: ‘1982ರಲ್ಲಿ ಸ್ಟೀವ್ ಡೇವಿಸ್ ಟೀವಿ ಕ್ಯಾಮೆರಾದ ಮುಂದೆ ಮೊಟ್ಟಮೊದಲ 147 ಅಂಕಗಳ ವಿರಾಮ ಪಡೆದರು.’

ವಿರಾಮವೇ? ಅವರೇನು ಕಾಫಿ ಕುಡಿಯಲು ಹೋಗಿದ್ದರೇ? ಆವತ್ತು ಓಲ್ಡಮ್ ಊರಿನಲ್ಲಿ ಎದುರಿಗಿದ್ದ ಜಾನ್ ಸ್ಪೆನ್ಸರ್ ಮಾತ್ರ ವಿರಾಮದಲ್ಲಿದ್ದರು, ಕುರ್ಚಿಯಲ್ಲಿ ಕೂತು ನೋಡುತ್ತಾ. ಡೇವಿಸ್ ಕೆಲಸದಲ್ಲಿದ್ದರು. ಬೆಂಗಳೂರಿನ ಪಂಕಜ್ ಅಡ್ವಾಣಿಯ ಆಟ ನೋಡಿಕೊಂಡು ಬಂದ ಓದುಗರಿಗೆ ಬ್ರೇಕ್ ಎಂದರೆ ಗೊತ್ತು. ಗೊತ್ತಿಲ್ಲದವರಿಗೆ ‘ತಪ್ಪದೆ ಒಂದೇ ಸರದಿಯಲ್ಲಿ ಗಳಿಸಿದ ಅಂಕ’ ಎಂದು ಒಂದು ಸಲ ಹೇಳಿ ಮುಂದೆ ಹೋಗಬಹುದಿತ್ತು. ಇಂಗ್ಲಿಷ್ ನಿಘಂಟು ತೆಗೆದು ಮೊದಲು ಸಿಕ್ಕ ಅರ್ಥವನ್ನು ತಂದು ಅಂಟಿಸಿದ್ದೀರಿ.

ಇದು ಬರೀ ಭಾಷೆಯ ತಪ್ಪಾಗಿದ್ದರೆ ನಾನೇ ತಿದ್ದಿ ಸುಮ್ನೆ ಅಚ್ಚಿಗೆ ಕಳಿಸುತ್ತಿದ್ದೆ. ಆದರೆ ಮುಂದಿನ ಪುಟದಲ್ಲಿ ಇದೇ ಚಾಳಿ ನಿಮ್ಮ ಲೆಕ್ಕವನ್ನೇ ಕೆಡಿಸಿದೆ. ‘ಎದುರಾಳಿ ತಪ್ಪು ಮಾಡಿದಾಗ ನಮಗೆ ಉಚಿತ ಚೆಂಡು ದೊರೆಯುತ್ತದೆ.’ ಫ್ರೀ ಬಾಲ್ ಪ್ರತಿ ಫೌಲ್‌ಗೂ ಸಿಗುವುದಿಲ್ಲ. ಫೌಲ್ ಆದ ಮೇಲೆ ನೀವು ಸ್ನೂಕರ್ ಆಗಿರಬೇಕು. ಅಂದರೆ ಈಗ ಹೊಡೆಯಬೇಕಾದ ಚೆಂಡುಗಳಲ್ಲಿ ಒಂದರದ್ದೂ ಎರಡೂ ಅಂಚಿಗೆ ನೇರವಾಗಿ ತಗಲಿಸಲು ದಾರಿ ಇರಬಾರದು. ಆಗ ಬೇರೆ ಯಾವುದಾದರೂ ಚೆಂಡನ್ನು ಹೆಸರಿಸಿ, ಅದನ್ನೇ ಆ ಚೆಂಡು ಎಂದುಕೊಂಡು ಆಡಬಹುದು. ಇಲ್ಲಿ ಫ್ರೀ ಎಂದರೆ ಆರಿಸಿಕೊಳ್ಳುವ ಸ್ವಾತಂತ್ರ್ಯ. ಪುಕ್ಕಟೆ ಅಲ್ಲ. ನೀವು ಉಚಿತ ಎಂದು ಬರೆದಿರಿ, ಬರೆದದ್ದನ್ನು ನೀವೇ ನಂಬಿಬಿಟ್ಟಿರಿ. ಅದಕ್ಕೇ ಮುಂದಿನ ಸಾಲು ಹೀಗೆ ಬಂತು: ‘147ಕ್ಕೆ ಉಚಿತ ಚೆಂಡಿನ 7, ನಂತರದ ಕಪ್ಪಿನ 7 ಸೇರಿದರೆ ಗರಿಷ್ಠ 161.’

161 ಅಲ್ಲ, 155.

ನಿಮಗೆ ಈ ಏಳು ಅಂಕದ ಆಸೆ ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಗೊತ್ತು. ನನಗೂ ಬಂದಿತ್ತು.

ಪತ್ರಿಕೆಗೆ ಸೇರಿದ ಹೊಸತು. ಕ್ರೀಡಾ ಪುಟದಲ್ಲಿ ಟ್ರೈನಿ. ಒಂದು ಸ್ನೂಕರ್ ಪಂದ್ಯದ ವರದಿಗೆ ಕಳಿಸಿದರು. ‘ಹಸಿರು ಹಾಸಿನ ಮೇಲೆ ಮಾಂತ್ರಿಕನ ಕೈಚಳಕ’ ಎಂದು ಶುರು ಮಾಡಿ ಒಂದೂವರೆ ಪುಟ ಬರೆದೆ. ನಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಓದಿ ಒಂದೇ ಮಾತು ಕೇಳಿದರು: ‘ಅವನು ಆ ಬ್ಲೂ ಹಾಕಿದಾಗ ಟೇಬಲ್ ಮೇಲೆ ಎಷ್ಟು ಅಂಕ ಉಳಿದಿತ್ತಪ್ಪಾ?’ ನನಗೆ ಗೊತ್ತಿರಲಿಲ್ಲ. ಹೊಡೆತ ಯಾಕೆ ಮುಖ್ಯ ಎಂದೇ ತಿಳಿಯದೆ ಚಪ್ಪಾಳೆ ತಟ್ಟಿ ಬಂದಿದ್ದೆ. ಅವರು ಬೈಯಲಿಲ್ಲ. ಒಂದು ಕ್ಲಬ್ಬಿನ ಮಾರ್ಕರ್, ಅಂದರೆ ಅಂಕ ಎಣಿಸುವವರ ಹತ್ತಿರ ಕಳಿಸಿ, ಒಂದು ವಾರ ಸ್ಕೋರ್ ಬರಿ ಎಂದರು.

ಮಾರ್ಕರ್‌ಗೆ ಅರವತ್ತು ದಾಟಿತ್ತು. ಗೋಡೆಯ ಮೇಲೆ ಮರದ ಸ್ಕೋರ್ ಬೋರ್ಡು, ಅದರಲ್ಲಿ ಹಿತ್ತಾಳೆಯ ಮುಳ್ಳು. ಆ ಮುಳ್ಳು ಸರಿಸುವುದೇ ನನ್ನ ಕೆಲಸ. ಮೂರನೆಯ ದಿನ ಒಬ್ಬರಿಗೆ ಫ್ರೀ ಬಾಲ್ ಸಿಕ್ಕಿತು. ರೆಡ್ ಹೊಡೆಯಬೇಕಾದ ಹೊತ್ತು. ಅವರು ಬ್ಲ್ಯಾಕ್ ಹೇಳಿದರು, ಪಾಟ್ ಮಾಡಿದರು, ಅಂದರೆ ಪಾಕೆಟ್‌ಗೆ ಬೀಳಿಸಿದರು. ನಾನು ಹೆಮ್ಮೆಯಿಂದ ಮುಳ್ಳನ್ನು ಏಳು ಮನೆ ಸರಿಸಿದೆ. ಮಾರ್ಕರ್ ಕೂತಲ್ಲಿಂದಲೇ ಹೇಳಿದರು: ‘ಏನ್ ಸಾರ್, ಏಳು ಕೊಟ್ಬಿಟ್ರಾ? ಬ್ಲ್ಯಾಕ್ ಈಗ ರೆಡ್ ವೇಷ ಹಾಕ್ಕೊಂಡಿದೆ. ವೇಷಕ್ಕೆ ತಕ್ಕಷ್ಟೇ ಸಂಬಳ. ಒಂದು ಕೊಡಿ.’

ಆ ವಾರದ ಕೊನೆಗೆ ನನ್ನ ಹಸಿರು ಹಾಸಿನ ಮಾಂತ್ರಿಕ ವಾಕ್ಯವನ್ನು ನಾನೇ ಹೊಡೆದು ಹಾಕಿದೆ.

ಈಗ ನಿಮ್ಮ ಲೆಕ್ಕ. ರೆಡ್ 15, ಜೊತೆಗೆ 15 ಸಲ ಬ್ಲ್ಯಾಕ್‌ಗೆ 105, ಕೊನೆಯ ಆರು ಬಣ್ಣಕ್ಕೆ (ಯೆಲ್ಲೋ 2, ಗ್ರೀನ್ 3, ಬ್ರೌನ್ 4, ಬ್ಲೂ 5, ಪಿಂಕ್ 6, ಬ್ಲ್ಯಾಕ್ 7) 27, ಒಟ್ಟು 147. ಒಂದು ರೆಡ್ಡೂ ಬೀಳುವ ಮೊದಲೇ ಎದುರಾಳಿ ಫೌಲ್ ಮಾಡಿ, ನೀವು ಹದಿನೈದೂ ರೆಡ್‌ಗೆ ಸ್ನೂಕರ್ ಆದರೆ, ಫ್ರೀ ಬಾಲ್ ಹದಿನಾರನೆಯ ರೆಡ್ ಆಗುತ್ತದೆ. ಅದಕ್ಕೆ 1, ಅದರ ಹಿಂದೆ ಬ್ಲ್ಯಾಕ್‌ಗೆ 7. ಹೀಗೆ 155. ಇನ್ನೊಂದು ಫ್ರೀ ಬಾಲ್ ಯಾಕೆ ಸೇರಿಸಬಾರದು? ಓದುಗ ಕೇಳಿಯೇ ಕೇಳುತ್ತಾನೆ, ನೀವು ಆ ಪ್ರಶ್ನೆಯನ್ನು ಎತ್ತಿಯೇ ಇಲ್ಲ. ಫೌಲ್ ಮಾಡಬೇಕಾದವನು ಎದುರಾಳಿ. ನಿಮ್ಮ ಬ್ರೇಕ್ ನಡೆಯುವಷ್ಟು ಹೊತ್ತು ಅವನು ಕುರ್ಚಿಯಲ್ಲಿ ಇರುತ್ತಾನೆ. ಕೂತವನು ಫೌಲ್ ಮಾಡುವುದು ಹೇಗೆ? ಇದನ್ನು ನೀವು ಬರೆದಿದ್ದರೆ ಆ ಪ್ಯಾರಾ ಎಷ್ಟು ಚೆಂದ ಇರುತ್ತಿತ್ತು!

ಕೊನೆಯದಾಗಿ ಈ ಸಾಲು: ‘ಆದರೆ ಇದೆಲ್ಲ ಬರೀ ಕಾಗದದ ಮೇಲಿನ ಲೆಕ್ಕ. ವೃತ್ತಿಪರ ಆಟದಲ್ಲಿ 147ರ ಗೆರೆ ದಾಟಿದವರಿಲ್ಲ.’

ಇದ್ದಾರೆ. 2004ರ ಅಕ್ಟೋಬರ್‌ನಲ್ಲಿ, ಯುಕೆ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ, ಸ್ಕಾಟ್ಲೆಂಡಿನ ಜೇಮಿ ಬರ್ನೆಟ್ ಲಿಯೋ ಫರ್ನಾಂಡಿಸ್ ವಿರುದ್ಧ 148 ಮಾಡಿದರು. ನಿಮ್ಮ ಲೇಖನಕ್ಕೆ ಬೇಕಾದ ಬೀಜ ಇದೇ, ಇದೇ ಇಲ್ಲ. ಬರ್ನೆಟ್ ಫ್ರೀ ಬಾಲ್ ಆಗಿ ಬ್ರೌನ್ ಹಾಕಿದರು, 1 ಅಂಕ. ಬ್ರೌನ್ ವಾಪಸ್ ತನ್ನ ಜಾಗಕ್ಕೆ ಬಂತು. ಮತ್ತೆ ಅದನ್ನೇ ಬಣ್ಣವಾಗಿ ಹಾಕಿದರು, 4. ಅದೇ ಚೆಂಡು ಬೆನ್ನುಬೆನ್ನಿಗೆ ಎರಡು ಸಲ, ಎರಡು ಬೇರೆ ಬೆಲೆಗೆ! ಆಮೇಲೆ 15 ರೆಡ್ ಜೊತೆ 12 ಬ್ಲ್ಯಾಕ್, 2 ಪಿಂಕ್, 1 ಬ್ಲೂ. ಕೊನೆಗೆ ಆರೂ ಬಣ್ಣ. ಕೂಡಿ ನೋಡಿ, 148.

ಹಾಗಾದರೆ 155ಕ್ಕೆ ಕಡಿಮೆಯಾದ 7 ಎಲ್ಲಿ ಹೋಯಿತು? ಮೊದಲಲ್ಲೇ ಬ್ಲ್ಯಾಕ್ ಬದಲು ಬ್ರೌನ್ ಹಾಕಿದ್ದಕ್ಕೆ 3. ಎರಡು ಪಿಂಕ್‌ನಲ್ಲಿ ಒಂದೊಂದರಂತೆ 2. ಬ್ಲೂನಲ್ಲಿ 2. ಸರಿಹೋಯಿತು, ಅಲ್ವಾ? ಓದುಗನಿಗೆ ಹೀಗೆ ತಾನೇ ಬೆರಳು ಮಡಚಿ ಎಣಿಸುವ ಖುಷಿ ಸಿಗಬೇಕು. ನೀವು ‘ಸುಲಭವಾಗಿ ಊಹಿಸಬಹುದಾದಂತೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ನಾಲ್ಕರಲ್ಲಿ ಒಂದೂ ಸುಲಭವಾಗಿ ಊಹಿಸುವಂಥದ್ದಲ್ಲ. ಎಲ್ಲೆಲ್ಲಿ ಹೆಜ್ಜೆ ಬಿಟ್ಟಿದ್ದೀರೋ ಅಲ್ಲೆಲ್ಲ ಆ ಮಾತಿನ ಮುಸುಕು ಎಳೆದಿದ್ದೀರಿ. ಅದೂ ನಮ್ಮ ಚೀಫ್ ಸಬ್‌ಗೆ ಥಟ್ಟನೆ ಗೊತ್ತಾಗುತ್ತಿತ್ತು.

ಲೇಖನ ವಾಪಸ್ ಕಳಿಸುತ್ತಿದ್ದೇನೆ, ಬೇಡ ಎಂದಲ್ಲ. ಉಚಿತ ಚೆಂಡು, ವಿರಾಮ ಎರಡನ್ನೂ ತೆಗೆಯಿರಿ. ಬರ್ನೆಟ್‌ನಿಂದ ಶುರು ಮಾಡಿ. ಹತ್ತಿರ ಎಲ್ಲಾದರೂ ಟೇಬಲ್ ಇದ್ದರೆ ಎರಡು ಸಂಜೆ ಹೋಗಿ ಸ್ಕೋರ್ ಬರೆಯಿರಿ.

ಹೋಗುವ ಮೊದಲು ಇದೊಂದು. ಟೇಬಲ್ ಮೇಲೆ ಪಿಂಕ್, ಬ್ಲ್ಯಾಕ್ ಎರಡೇ ಇವೆ. ಹೊಡೆಯಬೇಕಾದದ್ದು ಪಿಂಕ್. ನಿಮಗೆ ಫ್ರೀ ಬಾಲ್ ಸಿಕ್ಕಿದೆ, ಬ್ಲ್ಯಾಕ್ ಹೇಳಿದ್ದೀರಿ. ಒಂದೇ ಹೊಡೆತಕ್ಕೆ ಎರಡೂ ಪಾಕೆಟ್‌ಗೆ ಬಿದ್ದವು. ಸಿಗುವುದು 13 ಅಲ್ಲ, 12 ಕೂಡ ಅಲ್ಲ, 6. ಬ್ಲ್ಯಾಕ್ ಮತ್ತೆ ಟೇಬಲ್‌ಗೆ ಬರುತ್ತದೆ, ಪಿಂಕ್ ಬರುವುದಿಲ್ಲ. ಯಾಕೆ ಎಂದು ನಿಮ್ಮ ಮಾತಿನಲ್ಲಿ ಒಂದು ಪ್ಯಾರಾ ಬರೆದು, ಹೊಸ ಪ್ರತಿಯ ಜೊತೆ ಕಳಿಸಿ.

ಇಂತಿ,
ಸಂಪಾದಕ