ಲೋನ್‌ನಲ್ಲಿ ಹೆಸರಿಲ್ಲದಿದ್ದರೂ ಮನೆಪತ್ರದಲ್ಲಿ ಹೆಸರಿರಬಹುದು

ನಿಮ್ಮ ಪ್ರಶ್ನೆ ಓದಿದೆ. ಮದುವೆಯಾಗಿ ಹಾಸನದಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಎಚ್4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ವೀಸಾದಲ್ಲಿದ್ದೀರಿ. ಯಜಮಾನರು ಮನೆ ಕೊಳ್ಳುತ್ತಿದ್ದಾರೆ, ಲೋನ್ ಅವರೊಬ್ಬರ ಹೆಸರಿನಲ್ಲಿ. ಖರೀದಿಯ ಹಣ, ಕಾಗದಪತ್ರ ನೋಡಿಕೊಳ್ಳುವ ಮಧ್ಯವರ್ತಿ ಎಸ್ಕ್ರೋ ಆಫೀಸಿನಿಂದ ಬಂದ ಕಾಗದಗಳ ಕಟ್ಟಿನಲ್ಲಿ ನೀವು ಸಹಿ ಮಾಡಬೇಕಾದ ಕ್ವಿಟ್‌ಕ್ಲೇಮ್ ಡೀಡ್ ಒಂದಿದೆ. "ಬರೀ ಫಾರ್ಮಾಲಿಟಿ" ಅಂದರಂತೆ. ಹಾಕಲಾ ಬೇಡವಾ ಅಕ್ಕಾ ಅಂತ ಕೇಳಿದ್ದೀರಿ.

ಫಾರ್ಮಾಲಿಟಿ ಅಲ್ಲ. ಈಗಲೇ ಹಾಕಬೇಡಿ. ಅದು ಏನು ಅಂತ ತಿಳಿದುಕೊಂಡು, ಇಬ್ಬರೂ ಕೂತು ಮಾತಾಡಿ, ಆಮೇಲೆ ತೀರ್ಮಾನ ಮಾಡಿ.

ನಮ್ಮ ಕಡೆ ತವರಿನ ಆಸ್ತಿ ಭಾಗವಾಗುವಾಗ "ಒಂದು ಸಹಿ ಹಾಕಿಬಿಡಮ್ಮ" ಅಂತ ಹೆಣ್ಣುಮಕ್ಕಳನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರ ಮಾಡಿಸುತ್ತಾರಲ್ಲ, ಈ ಕಾಗದದ ಕೆಲಸವೂ ಹೆಚ್ಚುಕಡಿಮೆ ಅದೇ. ಈ ಮನೆಯಲ್ಲಿ ನನಗೆ ಏನೇ ಹಕ್ಕಿದ್ದರೂ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದುಕೊಡುವುದು. ಇಲ್ಲಿ ಗಂಡ ಹೆಂಡತಿಯ ನಡುವೆ ಇದನ್ನೇ ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಡೀಡ್ ಅಂತಲೂ ಮಾಡಿಸುತ್ತಾರೆ. ಹೆಸರು ಯಾವುದೇ ಇರಲಿ, ಒಳಗಿನ ಸಾಲು ಓದಿ. ಮನೆ ಇನ್ನು ಮುಂದೆ ಗಂಡನ ಪ್ರತ್ಯೇಕ ಸ್ವಂತ ಆಸ್ತಿ ಅಂತ ಇದ್ದರೆ ಅದು ಭಾರವಾದ ಮಾತು.

"ಸಂಬಳ ಅವರದು, ನನಗೇನು ಹಕ್ಕು?" ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ಸಂಕಟವಾಯಿತು. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಪ್ರಾಪರ್ಟಿ ರಾಜ್ಯ. ಟೆಕ್ಸಸ್, ವಾಷಿಂಗ್ಟನ್, ಅರಿಜೋನಾ ಸೇರಿ ಇಂಥವು 9 ಇವೆ. ಮದುವೆಯಾದ ಮೇಲೆ ಇಲ್ಲಿ ನೆಲೆಸಿದ್ದು ಗಂಡ ದುಡಿದರೂ ಹೆಂಡತಿ ದುಡಿದರೂ ಆ ಸಂಬಳ ಇಬ್ಬರದು, ಅರ್ಧ ಅರ್ಧ. ಆ ಹಣದಲ್ಲಿ ಕೊಂಡದ್ದೂ ಹಾಗೆಯೇ, ಪತ್ರದಲ್ಲಿ ಯಾರ ಹೆಸರೇ ಇರಲಿ. ನೀವು ಕೆಲಸಕ್ಕೆ ಹೋಗುತ್ತೀರಾ ಇಲ್ಲವಾ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಮದುವೆಗೆ ಮುಂಚೆ ಅವರು ಕೂಡಿಟ್ಟದ್ದು, ಮಾವನವರು ಅವರಿಗೇ ಅಂತ ಕೊಟ್ಟದ್ದು ಮಾತ್ರ ಬೇರೆ. ಡೌನ್ ಪೇಮೆಂಟ್‌ಗೆ ಆ ಹಣ ಹಾಕಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿ ಇಟ್ಟುಕೊಳ್ಳಲಿ. ಮುಂದೆ ಭಾಗ ಮಾಡುವ ಸಂದರ್ಭ ಬಂದರೂ ಅಷ್ಟನ್ನು ಅವರು ವಾಪಸ್ ಕೇಳಬಹುದು, ಅದು ನ್ಯಾಯವೂ ಹೌದು.

ಹಾಗಾದರೆ ಇದನ್ನು ಯಾಕೆ ಕೇಳುತ್ತಾರೆ? ಯಾರಿಗೋ ಕೆಟ್ಟ ಉದ್ದೇಶ ಇದೆ ಅಂದುಕೊಳ್ಳಬೇಡಿ. ಎಚ್4ನಲ್ಲಿ ಕೆಲಸದ ಪರ್ಮಿಟ್ ಇಲ್ಲದಿದ್ದರೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ, ಕ್ರೆಡಿಟ್ ಹಿಸ್ಟರಿ ಇರುವುದಿಲ್ಲ. ಅದಕ್ಕೇ ಲೋನ್ ಗಂಡನ ಹೆಸರಿನಲ್ಲಿ. ಪತ್ರ ಅವರೊಬ್ಬರ ಹೆಸರಿಗೇ ಆಗುವುದಾದರೆ, ನಾಳೆ ಹೆಂಡತಿ ಬಂದು ನನ್ನದೂ ಪಾಲಿದೆ ಅನ್ನಬಾರದು ಅಂತ ಒಡೆತನದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿ ನಿಮ್ಮ ಸಹಿ ಕೇಳುತ್ತದೆ.

ಆದರೆ ಲೋನ್ ಬೇರೆ, ಮನೆಯ ಟೈಟಲ್ ಅಂದರೆ ಒಡೆತನ ಬೇರೆ. ಲೋನ್‌ನಲ್ಲಿ ಇಲ್ಲದೆಯೂ ನೀವು ಟೈಟಲ್‌ನಲ್ಲಿ ಇರಬಹುದು. ಹೆಚ್ಚಿನ ಲೋನ್‌ಗಳಲ್ಲಿ ಇದಕ್ಕೆ ಅವಕಾಶ ಇದೆ. ಸಾಲದ ನೋಟ್‌ಗೆ ಅವರು ಮಾತ್ರ ಸಹಿ ಹಾಕುತ್ತಾರೆ, ಮನೆಯನ್ನು ಅಡಮಾನ ಇಡುವ ಡೀಡ್ ಆಫ್ ಟ್ರಸ್ಟ್‌ಗೆ ಇಬ್ಬರೂ ಹಾಕುತ್ತೀರಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ನಾವೇ ಕೇಳಬೇಕು.

ಇದನ್ನೆಲ್ಲ ಹೇಳಿದರೆ "ಮದುವೆಯಾದ ಹೊಸದರಲ್ಲೇ ಡೈವೋರ್ಸ್ ಮಾತಾ" ಅಂತ ಬೇಜಾರಾಗುವುದು ಸಹಜ. ನನ್ನ ಚಿಂತೆ ಸಾವಿನ ಬಗ್ಗೆಯೇ ಜಾಸ್ತಿ. ಗಂಡ ವಿಲ್ ಬರೆಯದೆ ಹೋಗಿಬಿಟ್ಟರೆ, ಕಮ್ಯುನಿಟಿ ಪ್ರಾಪರ್ಟಿ ಮನೆ ಪೂರ್ತಿ ಹೆಂಡತಿಗೆ ಬರುತ್ತದೆ. ಅದೇ ಮನೆ ಅವರ ಪ್ರತ್ಯೇಕ ಆಸ್ತಿಯಾಗಿದ್ದರೆ, ಮಕ್ಕಳಿಲ್ಲದೆ ಅತ್ತೆ ಮಾವ ಇದ್ದರೆ ನಿಮಗೆ ಅರ್ಧ, ಅವರಿಗೆ ಅರ್ಧ. ಇಬ್ಬರು ಮಕ್ಕಳಿದ್ದರೆ ನಿಮ್ಮ ಪಾಲು ಮೂರನೇ ಒಂದು. ಅದೂ ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿ ಹಂಚುವ ಕೋರ್ಟಿನ ಪ್ರಕ್ರಿಯೆ ಮುಗಿದ ಮೇಲೆ. ಅಷ್ಟು ದುಃಖದಲ್ಲಿ, ವೀಸಾ ಗೊಂದಲದ ನಡುವೆ, ಇರುವ ಮನೆಗೇ ಪಾಲುದಾರರು ಬರುವುದು ಯಾರಿಗೆ ಬೇಕು? ನಿಮ್ಮ ಯಜಮಾನರಿಗೂ ಬೇಡವಾಗಿರುತ್ತದೆ. ಅವರಿಗೂ ಈ ಭಾಗ ಓದಲು ಕೊಡಿ.

ಸಹಿ ಆಗಲೇ ಹಾಕಿದವರೂ ಇದನ್ನು ಓದುತ್ತಿರಬಹುದು. ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಗಂಡ ಹೆಂಡತಿಯ ನಡುವಿನ ವ್ಯವಹಾರದಲ್ಲಿ ಒಬ್ಬರಿಗೆ ಅನುಚಿತ ಲಾಭವಾದರೆ, ಅದು ಒತ್ತಡದಿಂದ ಆಗಿರಬಹುದು ಅಂತಲೇ ಇಲ್ಲಿನ ಕೋರ್ಟು ಮೊದಲು ಭಾವಿಸುತ್ತದೆ. ತಿಳಿದು, ಒಪ್ಪಿ ಸಹಿ ಹಾಕಿದ್ದಾರೆ ಅಂತ ತೋರಿಸುವ ಹೊಣೆ ಲಾಭ ಪಡೆದವರದು. 1995ರ ಹೇನ್ಸ್ ಪ್ರಕರಣ ಕ್ವಿಟ್‌ಕ್ಲೇಮ್ ಬಗ್ಗೆಯೇ ಇತ್ತು, ಅಲ್ಲೂ ಹೀಗೇ ಹೇಳಿದರು. ಆದರೆ ಅದಕ್ಕೆ ವಕೀಲರು, ವರ್ಷಗಟ್ಟಲೆ ಓಡಾಟ, ತುಂಬಾ ದುಡ್ಡು.

ಸುಲಭದ ದಾರಿ ಒಂದಿದೆ. ಮನೆ ಕೈಗೆ ಬಂದ ಮೇಲೆ ಗಂಡನೇ ಹೊಸ ಡೀಡ್ ಮಾಡಿ, ನೋಟರಿ ಮುಂದೆ ಸಹಿ ಹಾಕಿ, ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ದಾಖಲಿಸಿ ಹೆಂಡತಿಯ ಹೆಸರು ಸೇರಿಸಬಹುದು. ವಾಸದ ಮನೆಗೆ ಹೆಂಡತಿಯನ್ನು ಸೇರಿಸಿದ ಕಾರಣಕ್ಕೆ ಬ್ಯಾಂಕು ಪೂರ್ತಿ ಸಾಲ ಕಟ್ಟು ಅನ್ನುವ ಹಾಗಿಲ್ಲ, 1982ರ ಫೆಡರಲ್ ಕಾನೂನು ತಡೆಯುತ್ತದೆ. ಗಂಡ ಹೆಂಡತಿಯ ನಡುವಿನ ವರ್ಗಾವಣೆಗೆ ಇಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಮರುಮೌಲ್ಯಮಾಪನವೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಹೆಂಡತಿ ಅಮೆರಿಕದ ಪ್ರಜೆ ಅಲ್ಲದಿದ್ದರೆ ಗಿಫ್ಟ್ ಟ್ಯಾಕ್ಸ್ ಲೆಕ್ಕಕ್ಕೆ ಬಾರದೆ ಕೊಡಬಹುದಾದ ಕೊಡುಗೆಗೆ ವರ್ಷದ ಮಿತಿ ಇದೆ, 2025ರಲ್ಲಿ ಅದು 1,90,000 ಡಾಲರ್ ಇತ್ತು. ಗ್ರೀನ್ ಕಾರ್ಡ್ ಇದ್ದರೂ ಇದೇ ನಿಯಮ. ಡೀಡ್ ಮಾಡಿಸುವ ಮುಂಚೆ ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಮಾತಾಡಿ.

ಇಲ್ಲಿನ ಸಂಬಳದಲ್ಲಿ ಮೈಸೂರಿನಲ್ಲಿ ಸೈಟು ಕೊಂಡರೂ ಅದು ಇಬ್ಬರದು, ಅರ್ಧ ಅರ್ಧ. ಆಸ್ತಿ ಎಲ್ಲೇ ಇರಲಿ ಅಂತ ಈ ರಾಜ್ಯದ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಬೇರೆ ರಾಜ್ಯದಲ್ಲಿರುವವರು ಮಾತ್ರ ನನ್ನ ಮಾತನ್ನು ಹಾಗೇ ತೆಗೆದುಕೊಳ್ಳಬೇಡಿ. ನ್ಯೂ ಜೆರ್ಸಿ, ನ್ಯೂಯಾರ್ಕ್‌ನಲ್ಲಿ ಕಮ್ಯುನಿಟಿ ಪ್ರಾಪರ್ಟಿ ಪದ್ಧತಿಯೇ ಇಲ್ಲ.

ನೀವು ನಾಳೆ ಎಸ್ಕ್ರೋ ಆಫೀಸರಿಗೆ ಫೋನ್ ಮಾಡಿ. ವೆಸ್ಟಿಂಗ್, ಅಂದರೆ ಒಡೆತನ ಯಾರ ಹೆಸರಿಗೆ, ಯಾವ ರೀತಿ ಅನ್ನುವುದನ್ನು ಹೇಗೆ ಬರೆದಿದ್ದೀರಿ, ಲೋನ್‌ನಲ್ಲಿ ಇಲ್ಲದೆ ನನ್ನನ್ನು ಟೈಟಲ್‌ಗೆ ಸೇರಿಸಲು ಲೆಂಡರ್ ಒಪ್ಪುತ್ತಾರಾ ಅಂತ ಕೇಳಿ. ಒಪ್ಪಿದರೆ "ಕಮ್ಯುನಿಟಿ ಪ್ರಾಪರ್ಟಿ ವಿತ್ ರೈಟ್ ಆಫ್ ಸರ್ವೈವರ್‌ಶಿಪ್" ಅನ್ನುವ ಆಯ್ಕೆ ಬಗ್ಗೆ ವಿಚಾರಿಸಿ. ಒಬ್ಬರ ನಂತರ ಮನೆ ಪ್ರೊಬೇಟ್ ಇಲ್ಲದೆ ಇನ್ನೊಬ್ಬರಿಗೆ ಹೋಗುತ್ತದೆ. ಒಪ್ಪದಿದ್ದರೆ ಸಹಿಗೆ ಮೊದಲು ಫ್ಯಾಮಿಲಿ ಲಾ ವಕೀಲರೊಬ್ಬರನ್ನು ಒಂದು ಗಂಟೆ ಕಂಡು ಬನ್ನಿ, ಯಜಮಾನರನ್ನೂ ಕರೆದುಕೊಂಡು ಹೋಗಿ.