ಸಂಪಾದಕರ ಉತ್ತರ: ಒಟ್ಟು ಅಂಕದಲ್ಲಿ ಅಡಗುವ ತಪ್ಪು

ಪತ್ರ: ‘ನಾನು ಫಾರ್ಮಸಿ ಪಾಠ ಮಾಡುತ್ತೇನೆ. ಲಿಖಿತ ಪರೀಕ್ಷೆಯಲ್ಲಿ 90 ತೆಗೆದವರೂ ರೋಗಿ ಎದುರಿಗೆ ಬಂದರೆ ತಡವರಿಸುತ್ತಾರೆ. ಲಿಖಿತ ಪರೀಕ್ಷೆಯನ್ನೇ ಕೈಬಿಡಬಹುದು ಅಲ್ವಾ?’

ಕೈಬಿಡಬೇಡಿ ಮೇಷ್ಟ್ರೇ. ಔಷಧಿ ಮೈಯಲ್ಲಿ ಏನು ಮಾಡುತ್ತದೆ ಅಂತಲೇ ಗೊತ್ತಿಲ್ಲದವರು ರೋಗಿಯ ಹತ್ತಿರ ಎಷ್ಟು ಚೆಂದ ಮಾತಾಡಿದರೂ ಅಷ್ಟೇ. ಬದಲಾಗಬೇಕಾದ್ದು ಪ್ರಶ್ನೆ. ‘ಪ್ಯಾರಸಿಟಮಾಲ್ ಬಗ್ಗೆ ಟಿಪ್ಪಣಿ ಬರೆಯಿರಿ’ ಅಂದರೆ ಬಾಯಿಪಾಠ ಸಾಕು. ಅದರ ಬದಲು ಹೀಗೆ ಕೇಳಿ: ಮಗುವಿನ ತೂಕ 12 ಕೆ.ಜಿ., ಕೆ.ಜಿ.ಗೆ 15 ಮಿ.ಗ್ರಾಂ. ಕೊಡಬೇಕು, ಸಿರಪ್‌ನ 5 ಮಿ.ಲೀ.ನಲ್ಲಿ 120 ಮಿ.ಗ್ರಾಂ. ಇದೆ, ಒಂದು ಸಲಕ್ಕೆ ಎಷ್ಟು? 7.5 ಮಿ.ಲೀ. ಅಂತ ಬರೆಯಲು ಲೆಕ್ಕ ಬರಲೇಬೇಕು.

ಮಾತು ಮತ್ತು ಕೈಕೆಲಸ ಅಳೆಯಲು ಓಎಸ್‌ಸಿಇ (ಆಬ್ಜೆಕ್ಟಿವ್ ಸ್ಟ್ರಕ್ಚರ್ಡ್ ಕ್ಲಿನಿಕಲ್ ಎಕ್ಸಾಮಿನೇಷನ್) ಇದೆ. 1975ರಲ್ಲಿ ಸ್ಕಾಟ್ಲೆಂಡ್‌ನ ಡಂಡೀಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಪರೀಕ್ಷೆ ಅದು. ಫಾರ್ಮಸಿಗೆ ಆಮೇಲೆ ಬಂತು. ಒಂದೊಂದು ಕೆಲಸಕ್ಕೆ ಒಂದೊಂದು ಜಾಗ, ಅದಕ್ಕೆ ಸ್ಟೇಷನ್ ಅಂತಾರೆ; ವಿದ್ಯಾರ್ಥಿ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಹೋಗುತ್ತಾನೆ. ಒಂದರಲ್ಲಿ ಇನ್‌ಹೇಲರ್ ಬಳಸುವುದನ್ನು ತೋರಿಸಬೇಕು, ಇನ್ನೊಂದರಲ್ಲಿ ರೋಗಿಯ ಪಾತ್ರ ಮಾಡುವವರ ಜೊತೆ ಮಾತಾಡಬೇಕು. ಪರೀಕ್ಷಕರ ಕೈಯಲ್ಲಿ ಚೆಕ್‌ಲಿಸ್ಟ್.

ಆದರೆ ಚೆಕ್‌ಲಿಸ್ಟನ್ನೂ ಬಾಯಿಪಾಠ ಮಾಡುತ್ತಾರೆ, ನಮ್ಮ ಮಕ್ಕಳೇನು ಕಮ್ಮಿಯೇ! ‘ಬೇರೆ ಮಾತ್ರೆ ತಗೊಳ್ತೀರಾ?’ ಅಂತ ಹುಡುಗ ಕೇಳುತ್ತಾನೆ. ‘ಹೂಂ, ವಾರ್ಫರಿನ್’ ಅನ್ನುತ್ತಾರೆ ರೋಗಿ. ಅವನು ‘ಸರಿ’ ಅಂದು ನೋವಿಗೆ ಐಬುಪ್ರೊಫೇನ್ ಕೊಟ್ಟುಬಿಡುತ್ತಾನೆ. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ; ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ‘ಬೇರೆ ಔಷಧಿ ಕೇಳಿದ’ ಅನ್ನುವ ಸಾಲಿಗೆ ಮಾತ್ರ ಟಿಕ್ ಬಿದ್ದಿರುತ್ತದೆ. ಹಾಗಾಗಿ ಕೇಳಿದ್ದಕ್ಕಲ್ಲ, ಉತ್ತರ ಕೇಳಿಸಿಕೊಂಡು ಏನು ಮಾಡಿದ ಅನ್ನುವುದಕ್ಕೆ ಅಂಕ ಇಡಿ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಒಟ್ಟು ಅಂಕ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ. ದಿನಾ ನುಂಗಿದರೆ ಪ್ರಾಣಕ್ಕೇ ಬರಬಹುದು. ಒಂಬತ್ತು ಸ್ಟೇಷನ್‌ನಲ್ಲಿ ಪೂರ್ತಿ ಅಂಕ ತೆಗೆದು, ಹತ್ತನೆಯದರಲ್ಲಿ ಚೀಟಿ ಮೇಲೆ ‘ದಿನಕ್ಕೊಂದು’ ಅಂತ ಬರೆದವಳಿಗೂ 100ಕ್ಕೆ 90 ಬರುತ್ತದೆ! ನೀವು ಹೇಳಿದ 90ರ ಒಳಗೂ ಇಂಥದ್ದು ಇರಬಹುದು. ಇಂಥ ಸ್ಟೇಷನ್‌ಗಳನ್ನು ಮೊದಲೇ ಗುರುತಿಸಿ, ಅಲ್ಲಿ ತಪ್ಪಿದವರು ಮತ್ತೆ ಕಲಿತು ಮತ್ತೆ ಬರೆಯಲಿ. ಬೇರೆ ಕಡೆಯ ಅಂಕ ಅಲ್ಲಿಗೆ ಸೇರಿಸಬೇಡಿ.

ಎಲ್ಲಿ ತಪ್ಪಾಯಿತು ಅಂತ ಅವತ್ತೇ ಹೇಳಿ. ತಿಂಗಳ ಮೇಲೆ ಅಂಕಪಟ್ಟಿ ಕೈಗೆ ಕೊಟ್ಟರೆ ಅದನ್ನು ಸುಮ್ನೆ ಮಡಚಿ ಇಡುತ್ತಾರೆ.

- ಸಂ.